ರೊಕ್ಕ ಕೊಟ್ಟ ಕುನ್ನಿ, ಪುಕ್ಕಟೆ ಬಂದ ಬೆಕ್ಕು

ಬೈಲಹೊಂಗಲ ಕಡೆ ಬೆಕ್ಕಿನ ಮರಿಗೆ ಬೆಲೆ ಎಷ್ಟೆಂದು ಕೇಳಿದರೆ ಜನ ನಕ್ಕುಬಿಡುತ್ತಾರೆ. ಯಾರದೋ ಅಟ್ಟದ ಮೇಲೆ, ಯಾರದೋ ಕಣಕಿ ಬಣವಿಯ ಸಂದಿಯಲ್ಲಿ ಬೆಕ್ಕು ಮರಿ ಹಾಕುತ್ತದೆ. ಅವು ಕಣ್ಣು ಬಿಟ್ಟು ಅಡುಗೆ ಮನೆಗೆ ನುಗ್ಗತೊಡಗಿದ ಕೂಡಲೇ ಆ ಮನೆಯ ಹೆಣ್ಣುಮಗಳು ಓಣಿಯವರನ್ನು ಕರೆಯುತ್ತಾಳೆ: ‘ಒಂದ್ ಮರಿ ಒಯ್ರಿ ವೈನೀ, ಇಲಿ ಕಾಟಾನರ ತಪ್ಪತೈತಿ.’ ಒಯ್ಯುವವರು ಮರಿಯನ್ನು ಕೈಚೀಲದೊಳಗೆ ಹಾಕಿ ಬಾಯಿ ಹಿಡಿದುಕೊಂಡು ನಡೆಯುತ್ತಾರೆ. ದಾರಿ ಕಂಡರೆ ಹೊಳ್ಳಿ ತಾಯಿಯ ಹತ್ತಿರ ಓಡುತ್ತದೆಂಬ ನಂಬಿಕೆ. ಕೊಟ್ಟವರಿಗೂ ಖರ್ಚಿಲ್ಲ, ತಂದವರಿಗೂ ಖರ್ಚಿಲ್ಲ.

ಕುನ್ನಿಯ ಸಂಗತಿ ಹಾಗಲ್ಲ. ಬೀದಿ ನಾಯಿಯ ಮರಿ ಇಲ್ಲಿಯೂ ಪುಕ್ಕಟೆಯೇ, ಆದರೆ ಈಗಿನ ಹುಡುಗರಿಗೆ ಅದು ಬೇಡ. ರಾಮದುರ್ಗದಿಂದ ಲೋಕಾಪುರ ದಾಟಿದರೆ ಮುಧೋಳ ಸೀಮೆ. ಅಲ್ಲಿಂದ ಜಾತಿ ಕುನ್ನಿಯೇ ಬರಬೇಕು. ಒಳ್ಳೆಯ ತಳಿಯದಾದರೆ ಹತ್ತು ಸಾವಿರದ ಮೇಲೆಯೇ ಎಣಿಸಬೇಕು. ಬೆಳಗಾವಿ, ಹುಬ್ಬಳ್ಳಿಯಿಂದ ಲ್ಯಾಬ್ರಡಾರ್, ರಾಟ್‌ವೀಲರ್, ಹಸ್ಕಿ ತರುವವರು ಅದಕ್ಕೂ ಹೆಚ್ಚು ಕೊಟ್ಟು, ಮರಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಾರಿನಲ್ಲಿ ಬರುತ್ತಾರೆ.

ಹೀಗಾಗಿ ನಾಯಿ ತುಟ್ಟಿ, ಬೆಕ್ಕು ಸೋವಿ ಎಂಬ ತೀರ್ಪು ಮರಿ ಮನೆಗೆ ಬರುವ ಮೊದಲೇ ಆಗಿಬಿಟ್ಟಿರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಹೋದರೂ ಇದೇ ಮಾತು. ಒಟ್ಟು ಮೊತ್ತ ನೋಡಿದರೆ ಅದು ಸುಳ್ಳೂ ಅಲ್ಲ. ಆದರೆ ಮರಿ ತರುವ ದಿನ ಕೈಬಿಟ್ಟ ರೊಕ್ಕ ಇಡೀ ಲೆಕ್ಕದೊಳಗೆ ಒಂದು ಸಣ್ಣ ಬಾಬತ್ತು. ನಾಯಿ ಹನ್ನೆರಡು-ಹದಿನಾಲ್ಕು ವರ್ಷ ಬಾಳುತ್ತದೆ. ಮನೆಯೊಳಗೆ ಜೋಪಾನವಾಗಿ ಇಟ್ಟ ಬೆಕ್ಕು ಹದಿನೈದು ದಾಟುವುದೂ ಉಂಟು. ಅಷ್ಟು ವರ್ಷದ ಊಟ, ಮೊದಲ ವರ್ಷದ ಸೂಜಿ, ಮರಿಯಾಗದಂತೆ ಮಾಡಿಸುವ ಆಪರೇಶನ್, ಖರ್ಚು ಇರುವುದು ಇಲ್ಲಿ. ಕುನ್ನಿಗೆ ಹತ್ತು ಸಾವಿರ ಕೊಟ್ಟವರು ಐದುನೂರರ ಸೂಜಿಗೆ ಹಿಂದೆಮುಂದೆ ನೋಡುತ್ತಾರೆ. ಪುಕ್ಕಟೆ ಬಂದ ಬೆಕ್ಕಿಗೆ ಸೂಜಿಯೊಂದು ಇದೆಯೆಂಬುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ನಾವು ಕೊಡದೆ ಉಳಿಸಿದ ಆ ರೊಕ್ಕವನ್ನು ಮುಂದೆ ಯಾರೋ ಕೊಡಬೇಕಾಗುತ್ತದೆ. ಕೊಡುವವರು ಹೆಚ್ಚಾಗಿ ಓಣಿಯಲ್ಲಿ ಆಡುವ ಮಕ್ಕಳು, ನಸುಕಿನಲ್ಲಿ ಹಾಲು ಹಾಕಲು ಬರುವ ಹುಡುಗರು.

ರಾಜರ ನಾಯಿ, ರೈತರ ಅಂಗಳ

ಮುಧೋಳ ನಾಯಿಯ ಬೆಲೆ ಏರಿದ್ದಕ್ಕೆ ದೊಡ್ಡ ಇತಿಹಾಸವೇ ಇದೆ. ಉದ್ದ ಮೋತಿ, ಒಳಗೆ ಸೇದಿದ ಹೊಟ್ಟೆ, ನೀಳ ಕಾಲಿನ ಈ ನಾಯಿಯನ್ನು ಬೇಡರು, ಕುರುಬರು ಬೇಟೆಗೆಂದು, ಕಾವಲಿಗೆಂದು ಸಾಕಿಕೊಂಡಿದ್ದರು. ಮೊಲದ ಬೆನ್ನು ಹತ್ತಿದರೆ ಬಿಡುವ ನಾಯಿಯಲ್ಲ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಅದರ ತಳಿಯನ್ನು ಆಸ್ಥೆಯಿಂದ ಬೆಳೆಸಿ, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಜೋಡಿ ನಾಯಿಯನ್ನು ಕಾಣಿಕೆಯಾಗಿ ಕೊಟ್ಟರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗೆ ತಡೆ ಬಿತ್ತು, ನಾಯಿಯ ಕಸುಬೂ ಹೋಯಿತು. ಹೆಸರು ಮಾತ್ರ ಬೆಳೆಯುತ್ತಲೇ ಹೋಯಿತು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಸ್ಟಾಂಪು ತಂದಿತು. 2016ರಲ್ಲಿ ಸೇನೆಯ ಮೀರತ್ ಕೇಂದ್ರ ಮುಧೋಳದ ಮರಿಗಳನ್ನು ತರಬೇತಿಗೆ ಒಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ದೇಸಿ ನಾಯಿ ಸಾಕಿರೆಂದು ಹೇಳುತ್ತ ಮುಧೋಳದ ಹೆಸರು ತೆಗೆದರು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ತಳಿ ಕೆಡದಂತೆ ಕಾಯುವುದು ಅದರ ಕೆಲಸ. ಸುತ್ತಲಿನ ಹಳ್ಳಿಗಳಲ್ಲಿ ಕುನ್ನಿ ಮಾರಿಯೇ ನಾಲ್ಕು ಕಾಸು ನೋಡುವ ಕುಟುಂಬಗಳಿವೆ.

ಇಂಥ ನಾಯಿ ಸವದತ್ತಿಯ ಹೊಲದ ಮನೆಗೆ ಬಂದರೆ ನನಗೆ ಸಂತೋಷ. ಓಡಲು ಅಲ್ಲಿ ಎರಿ ಹೊಲ ಬಿದ್ದಿದೆ. ರಾತ್ರಿ ಗೋವಿನಜೋಳಕ್ಕೆ ಹಂದಿ ನುಗ್ಗಿದರೆ ಮೊದಲು ಏಳುವುದು ಅದೇ. ಕಾಡು ಹತ್ತಿರವಿರುವ ಕಿತ್ತೂರು ಕಡೆಯ ರೈತರಿಗೆ ಈ ಮಾತಿನ ತೂಕ ಗೊತ್ತು. ಅದೇ ನಾಯಿಯನ್ನು ಪೇಟೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಜಿನೆಯ ಕೆಳಗೆ ಸರಪಳಿ ಹಾಕಿ ಕಟ್ಟಿದರೆ ಅದು ಚಪ್ಪಲಿ ಹರಿಯುತ್ತದೆ, ಬಾಗಿಲು ಕೆರೆಯುತ್ತದೆ, ಕೊನೆಗೆ ಬಂದವರ ಮೈಮೇಲೆ ಹೋಗುತ್ತದೆ. ಮುಂಜಾನೆ ಸಂಜೆ ಅದನ್ನು ಓಡಿಸಿಕೊಂಡು ಬರಲು ಒಬ್ಬ ಆಳು ಬೇಕು. ಆ ತಾಸು, ಎರಡು ತಾಸನ್ನು ಯಾರೂ ಖರ್ಚಿನ ಪಟ್ಟಿಯಲ್ಲಿ ಬರೆಯುವುದಿಲ್ಲ. ಹಸ್ಕಿಯ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು. ಸೈಬೀರಿಯಾದ ಹಿಮಕ್ಕೆಂದು ಎರಡು ಪದರಿನ ಕೂದಲು ಹೊತ್ತು ಹುಟ್ಟಿದ ನಾಯಿಯನ್ನು ರಾಮದುರ್ಗದ ಏಪ್ರಿಲ್ ಬಿಸಿಲಿಗೆ ತಂದು ನಿಲ್ಲಿಸುವುದು ಹಿಂಸೆ. ಕೂಲರ್ ಎಷ್ಟು, ಕರೆಂಟ್ ಬಿಲ್ಲು ಎಷ್ಟು ಎಂದು ಕೂಡಿಸುತ್ತ ಕೂಡುವುದಕ್ಕಿಂತ ತರದೇ ಇರುವುದು ಲೇಸು.

ನಾಯಿಗಾಗಿ ಕೈಬಿಚ್ಚುವುದು ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, 949–50ರ ಕಾಲದ ವೀರಗಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ದೊರೆ ಬೂತುಗ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಅರಸನ ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದಿಗೆ ಹೋರಾಡುತ್ತ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ ಪಾಪ ತಟ್ಟುತ್ತದೆಂದು ಶಾಸನ ಬರೆಸಿದರು. ನಮ್ಮ ಮೈಲಾರಲಿಂಗನ ಒಕ್ಕಲಿನವರಿಗೆ ನಾಯಿ ಇಂದಿಗೂ ದೇವರ ಬಳಗವೇ. ಗೊರವಯ್ಯಗಳು ದೋಣಿಯಲ್ಲಿ ಹಾಲು ಹಣ್ಣು ಕಲಸಿಟ್ಟು, ನಾಯಿಯಂತೆ ಬೊಗಳುತ್ತ ಬಾಯಿ ಹಾಕಿ ತಿನ್ನುವುದನ್ನು ಜಾತ್ರೆಯಲ್ಲಿ ಕಂಡವರು ಬಹಳ. ಇಷ್ಟೆಲ್ಲ ಮಾನ ಕೊಟ್ಟ ಸೀಮೆಯಲ್ಲಿ ನಾಯಿಯೊಂದು ಸೂಜಿ ಇಲ್ಲದೆ ಸಾಯುವುದು ನನ್ನನ್ನು ಕಾಡುತ್ತದೆ.

ರೊಟ್ಟಿ ಮತ್ತು ಇಲಿ

ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಒಲೆಯ ಮೇಲೆ ಮಾಂಸ ಬೇಯುವುದಿಲ್ಲ. ಇಂಥ ಮನೆಗೆ ನಾಯಿ ಹೊಂದಿಕೊಂಡಂತೆ ಬೆಕ್ಕು ಹೊಂದಿಕೊಳ್ಳುವುದಿಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಇದರ ಒಂದು ಗುಟ್ಟು ಬಿಡಿಸಿದರು: ತೋಳದಿಂದ ನಾಯಿಯಾಗುವ ಹಾದಿಯಲ್ಲಿ, ಕಾಳುಕಡಿಯ ಪಿಷ್ಟವನ್ನು ಅರಗಿಸುವ ವಂಶವಾಹಿ ಪ್ರತಿಗಳು ನಾಯಿಯ ಮೈಯೊಳಗೆ ಹಲವು ಪಟ್ಟು ಹೆಚ್ಚಿವೆ. ಮನುಷ್ಯನ ಒಕ್ಕಲುತನದ ಜೊತೆಗೇ ನಾಯಿಯ ಹೊಟ್ಟೆಯೂ ಬದಲಾಯಿತು. ಆದ್ದರಿಂದ ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆ, ಹಾಲು, ನಡುವೆ ಒಂದು ತತ್ತಿ ಹಾಕಿದರೆ ಹಳ್ಳಿಯ ನಾಯಿ ಗಟ್ಟಿಮುಟ್ಟಾಗಿ ಇರುತ್ತದೆ. ಮುಧೋಳದ ಹಳೆಯ ಸಾಕಣೆದಾರರು ಬೆಳೆಸಿದ್ದೂ ಹೀಗೆಯೇ.

ಇದರ ದರ ಹಿಡಿದು ನೋಡೋಣ. ಪೂರ್ತಿ ಬೆಳೆದ ಮುಧೋಳ ನಾಯಿಗೆ ದಿನಕ್ಕೆ ನಾನೂರು ಗ್ರಾಂ ಜೋಳದ ಹಿಟ್ಟೆಂದರೆ ಹದಿನೆಂಟು ರೂಪಾಯಿ, ಕಾಲು ಲೀಟರ್ ಹಾಲಿಗೆ ಹನ್ನೆರಡು, ತತ್ತಿಗೆ ಏಳು. ತಿಂಗಳಿಗೆ ಹೆಚ್ಚುಕಡಿಮೆ ಸಾವಿರದ ನೂರು. ಮನೆಯಲ್ಲೇ ಎಮ್ಮೆ ಇದ್ದು, ಜೋಳ ಹೊಲದಲ್ಲೇ ಬೆಳೆದಿದ್ದರೆ ಕಿಸೆಯಿಂದ ಹೋಗುವುದು ಇನ್ನೂ ಕಡಿಮೆ. ಅದೇ ನಾಯಿಗೆ ಪೇಟೆಯ ಚೀಲದ ಆಹಾರ ಹಾಕಿದರೆ, ದಿನಕ್ಕೆ ಮುನ್ನೂರು ಗ್ರಾಂ ಹಿಡಿದರೂ ತಿಂಗಳಿಗೆ ಎರಡು ಸಾವಿರ ದಾಟುತ್ತದೆ. ಬೆಳೆಯುವ ಮರಿಗೆ ಮೊದಲ ಕೆಲವು ತಿಂಗಳು ಬರೀ ರೊಟ್ಟಿ ಹಾಲು ಸಾಲದು. ತತ್ತಿ ಇಲ್ಲವೆ ಮೊಸರು ದಿನವೂ ಬೇಕು. ಇಲ್ಲದಿದ್ದರೆ ಉದ್ದ ಕಾಲಿನ ಮರಿಗಳ ಎಲುಬು ಬಾಗುವುದನ್ನು ಪಶುವೈದ್ಯರು ದಿನಾ ನೋಡುತ್ತಾರೆ.

ಬೆಕ್ಕಿಗೆ ರೊಟ್ಟಿ ಹಾಲು ಕೊಟ್ಟು ಸಾಕಿದೆವೆಂದು ಹೇಳುವವರು ಅರ್ಧ ಮಾತು ಹೇಳುತ್ತಾರೆ. ಉಳಿದ ಅರ್ಧವನ್ನು ಬೆಕ್ಕು ರಾತ್ರಿ ಹಗೇವಿನ ಸುತ್ತ, ಬಣವಿಯ ಬುಡದಲ್ಲಿ ತಾನೇ ಹಿಡಿದು ತಿಂದಿರುತ್ತದೆ. ಬೆಕ್ಕು ಮಾಂಸವಿಲ್ಲದೆ ಬದುಕುವ ಪ್ರಾಣಿಯಲ್ಲ. ಟಾರಿನ್ ಎಂಬ ಸತ್ವವನ್ನು ಅದರ ಮೈ ಬೇಕಾದಷ್ಟು ತಯಾರಿಸಿಕೊಳ್ಳದು. ಅದು ಸಿಗುವುದು ಮಾಂಸ, ಮೀನಿನಿಂದ. ಟಾರಿನ್ ಕಡಿಮೆಯಾದರೆ ಕಣ್ಣು ಹೋಗುತ್ತದೆ, ಗುಂಡಿಗೆ ಹಿಗ್ಗಿ ಸೋಲುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯರು ಇದನ್ನು ತೋರಿಸಿಕೊಟ್ಟ ಮೇಲೆಯೇ ಜಗತ್ತಿನ ಬೆಕ್ಕಿನ ಆಹಾರದ ಕಂಪನಿಗಳು ಚೀಲಕ್ಕೆ ಟಾರಿನ್ ಹೆಚ್ಚಿಸಿದ್ದು. ಹಾಲಿನ ಮಾತೂ ಅಷ್ಟೇ. ತಾಯಿಯ ಹಾಲು ಬಿಟ್ಟ ಮೇಲೆ ಬಹಳಷ್ಟು ಬೆಕ್ಕುಗಳಿಗೆ ದನದ ಹಾಲು ಅರಗುವುದಿಲ್ಲ. ಬಟ್ಟಲು ತುಂಬ ಹಾಲಿಟ್ಟು, ಮರಿ ಉಚ್ಚಿಕೊಳ್ಳುತ್ತದೆಂದು ದವಾಖಾನೆಗೆ ಓಡಿಬರುವ ಅಜ್ಜಿಯರು ಪ್ರೀತಿಯಿಂದಲೇ ಹಾಗೆ ಮಾಡಿರುತ್ತಾರೆ.

ಬೆಕ್ಕಿನ ಲೆಕ್ಕ ಬಾಗಿಲಿನ ಮೇಲೆ ನಿಂತಿರುವುದು ಅದಕ್ಕೇ. ಬಾಗಿಲು ತೆರೆದ ಹಳ್ಳಿಯ ಮನೆಯಲ್ಲಿ ಅದರ ಊಟದ ಖರ್ಚು ತೀರ ಕಡಿಮೆ. ಬಾಗಿಲು ಮುಚ್ಚಿದ ಪೇಟೆಯ ಮನೆಯಲ್ಲಿ ಮಾಂಸ ಬೇಯಿಸದವರು ಚೀಲದ ಆಹಾರವನ್ನೇ ತರಬೇಕು. ದಿನಕ್ಕೆ ಐವತ್ತು ಗ್ರಾಂ ಸಾಕು, ಆದರೆ ಕಿಲೋದ ದರ ನಾಯಿಯ ಆಹಾರಕ್ಕಿಂತ ಹೆಚ್ಚು. ತಿಂಗಳಿಗೆ ಐದುನೂರ ಐವತ್ತು, ಆರುನೂರು ಹಿಡಿಯಬಹುದು. ಮೇಲೆ ಪಾಯಖಾನೆಯ ಮಣ್ಣು. ಪೇಟೆಯಲ್ಲಿ ಇದಕ್ಕೆಂದು ಮಾರುವ ಗಡ್ಡೆಗಟ್ಟುವ ಮಣ್ಣು ಬೆಂಟೊನೈಟ್ ಜೇಡಿ. ನೀರು ಹೀರಿ ಉಬ್ಬುವ ಗುಣ ಅದಕ್ಕೆ ಬಂದಿರುವುದು ಮಾಂಟ್‌ಮೊರಿಲೊನೈಟ್ ಎಂಬ ಖನಿಜದಿಂದ, ನಮ್ಮ ಎರಿ ಮಣ್ಣಿನಲ್ಲಿ ತುಂಬಿರುವುದೂ ಅದೇ. ಬಿಸಿಲಿಗೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಎರಿ ಮಣ್ಣಿಗೆ ಅರ್ಧ ಮರಳು ಬೆರೆಸಿ ತಗಡಿನ ಬುಟ್ಟಿಯಲ್ಲಿ ಹಾಕಿಟ್ಟರೆ ಬೈಲಹೊಂಗಲದ ಬೆಕ್ಕಿಗೆ ಬೇರೆ ಮಣ್ಣು ಬೇಡ. ಮರಳಿಲ್ಲದಿದ್ದರೆ ಪಂಜಕ್ಕೆ ಮೆತ್ತಿಕೊಂಡು ಮನೆ ತುಂಬ ಹೆಜ್ಜೆ ಮೂಡುತ್ತವೆ, ಮರಳು ಮಾತ್ರ ಮರೆಯಬಾರದು.

ಬೆಕ್ಕು ತಾನಾಗಿ ತಿರುಗಿ ಕೊಡುವುದನ್ನೂ ಬರೆಯಬೇಕು. ಮನೆಯ ಇಲಿಯೊಂದು ದಿನಕ್ಕೆ ಇಪ್ಪತ್ತೈದು ಗ್ರಾಂ ಕಾಳು ತಿನ್ನುತ್ತದೆಂದು ಹಿಡಿದರೆ, ಹತ್ತು ಇಲಿ ವರ್ಷಕ್ಕೆ ತೊಂಬತ್ತು ಕಿಲೋ ಮೀರಿ ತಿಂದವು. 2025–26ರ ಹಂಗಾಮಿಗೆ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಅಂದರೆ ಮೂರು ಸಾವಿರದ ನಾನೂರು ರೂಪಾಯಿಯ ಜೋಳ ಇಲಿಯ ಹೊಟ್ಟೆಗೆ. ಉಚ್ಚೆ ಹಿಕ್ಕೆಯಿಂದ ಕೆಟ್ಟದ್ದು, ಹರಿದ ಚೀಲ ಬೇರೆ. ಒಂದು ಬೆಕ್ಕು ಇಷ್ಟನ್ನೂ ತಡೆಯುತ್ತದೆಂದು ಹೇಳಲಾರೆ, ಆದರೆ ಬೆಕ್ಕಿನ ಹೆಸರಿಗೆ ಒಂದಿಷ್ಟು ಜಮಾ ಆಗಲೇಬೇಕು. ಇಲಿ ಪಾಷಾಣ ಇಟ್ಟ ಮನೆಯಲ್ಲಿ ಮಾತ್ರ ಬೆಕ್ಕು ಸಾಕಬಾರದು. ಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕು ಉಳಿಯುವುದು ಕಷ್ಟ.

ದನದ ದವಾಖಾನೆಯ ಕಟ್ಟೆಯ ಮೇಲೆ

ದನದ ದವಾಖಾನೆಯೊಂದರ ಕಟ್ಟೆಯ ಮೇಲೆ ಕಂಡ ಒಂದು ಮುಂಜಾನೆಯನ್ನು ಇಲ್ಲಿ ಹೇಳಬೇಕು. ಕಾಲೇಜು ಹುಡುಗನೊಬ್ಬ ಟವೆಲ್ಲಿನಲ್ಲಿ ಸುತ್ತಿದ ಮುಧೋಳ ಕುನ್ನಿಯನ್ನು ಎದೆಗವಚಿಕೊಂಡು ಕೂತಿದ್ದ. ಎರಡೂವರೆ ತಿಂಗಳ ಮರಿ. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದಷ್ಟು ಬೆಳ್ಳಗೆ, ಟವೆಲ್ಲಿಗೆ ರಕ್ತ ಬೆರೆತ ಭೇದಿಯ ಕಟು ವಾಸನೆ. ‘ನಿನ್ನಿಯಿಂದ ಒಂದ್ ಗುಟುಕು ನೀರೂ ನಿಲ್ಲವಲ್ದ್ರಿ ಸರ,’ ಎಂದ. ‘ಸೂಜಿ ಹಾಕಿಸಿದ್ದಿ ಏನಪಾ ತಮ್ಮಾ?’ ಎಂದು ಡಾಕ್ಟರ್ ಕೇಳಿದರು. ‘ಸಣ್ಣದೈತಿ, ಮುಂದಿನ ತಿಂಗಳ ಹಾಕ್ಸೂಣು ಅಂದ್ರಿ ಮನ್ಯಾಗ.’ ಡಾಕ್ಟರ್ ಮತ್ತೇನೂ ಕೇಳದೆ ಮುಂಗಾಲಿನ ಕೂದಲನ್ನು ರೂಪಾಯಿಯಗಲ ಬೋಳಿಸಿ, ನರ ಹುಡುಕಿ ಸಲೈನ್ ಹಚ್ಚಿದರು. ಹುಡುಗ ಬಾಟಲಿ ಎತ್ತಿ ಹಿಡಿದು ನಿಂತ. ಕೈ ಸೋತಾಗ ಕೈ ಬದಲಿಸುತ್ತಿದ್ದ. ಮೂರನೆಯ ದಿನ ಮರಿ ಹೋಯಿತು.

ಅದು ಪಾರ್ವೋ. 1978ರಲ್ಲಿ ಜಗತ್ತಿನಾದ್ಯಂತ ಒಮ್ಮೆಲೇ ಕಾಣಿಸಿಕೊಂಡ ವೈರಾಣು ಇದು. ಬೆಕ್ಕಿನ ಮರಿಗಳನ್ನು ಇದೇ ಬಗೆಯಲ್ಲಿ ಕೊಲ್ಲುವ ಪ್ಯಾನ್‌ಲ್ಯುಕೊಪೀನಿಯಾದ ವೈರಾಣು ಇದರ ಹತ್ತಿರದ ಬಳಗ. ಆರು ವಾರದಿಂದ ಆರು ತಿಂಗಳ ಮರಿಗಳ ಮೇಲೆ ಪಾರ್ವೋದ ಕಣ್ಣು. ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಸತ್ತ ಕುನ್ನಿಯ ಜಾಗಕ್ಕೆ ಹದಿನೈದು ದಿನದಲ್ಲಿ ಇನ್ನೊಂದು ಕುನ್ನಿ ತಂದವರ ಮನೆಯಲ್ಲಿ ಎರಡನೆಯದೂ ಸಾಯುವುದು ಇದರಿಂದಲೇ. ಮೋರಿಗೆ ಹಾಕುವ ಬ್ಲೀಚಿಂಗ್‌ನಿಂದ ಅಂಗಳ ತೊಳೆಯಬೇಕು, ಸೂಜಿ ಪೂರ್ತಿಯಾದ ಮರಿಯನ್ನೇ ತರಬೇಕು. ಸಲೈನ್, ಔಷಧಿ, ಓಡಾಟ ಸೇರಿ ಪಾರ್ವೋ ಆದ ಮರಿಗೆ ದಿನಕ್ಕೆ ಐದುನೂರರಿಂದ ಸಾವಿರ ಬೀಳುತ್ತದೆ, ಉಳಿಯುವ ಭರವಸೆಯೂ ಇಲ್ಲ. ತಡೆಯುವ ಸಂಯುಕ್ತ ಲಸಿಕೆ ಒಂದು ಸಲಕ್ಕೆ ಐದುನೂರರಿಂದ ಎಂಟುನೂರು. ಆರೇಳು ವಾರಕ್ಕೆ ಮೊದಲನೆಯದು, ಮೂರು-ನಾಲ್ಕು ವಾರ ಬಿಟ್ಟು ಎರಡನೆಯದು, ಮತ್ತೆ ಅಷ್ಟೇ ಅಂತರದಲ್ಲಿ ಮೂರನೆಯದು. ಮೂರೂ ಮುಗಿಯುವತನಕ ಮರಿಯನ್ನು ಬೀದಿಗೆ, ಬೇರೆ ನಾಯಿಗಳ ಹತ್ತಿರಕ್ಕೆ ಬಿಡುವ ಹಾಗಿಲ್ಲ.

ಬೆಕ್ಕಿನ ಮರಿಗೂ ಇಂಥದೇ ಲಸಿಕೆ ಇದೆ, ಎಂಟು-ಒಂಬತ್ತು ವಾರಕ್ಕೆ ಒಂದು, ಮೂರು-ನಾಲ್ಕು ವಾರ ಬಿಟ್ಟು ಇನ್ನೊಂದು. ದರ ಎಂಟುನೂರು, ಸಾವಿರ, ನಾಯಿಯದಕ್ಕಿಂತ ಹೆಚ್ಚು. ಕೇಳುವವರು ಕಡಿಮೆಯಾದ್ದರಿಂದ ಸಣ್ಣ ಊರಿನ ಔಷಧಿ ಅಂಗಡಿಯವರು ಅದನ್ನು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಕಿತ್ತೂರಿನವರು ಹೆದ್ದಾರಿ ಹಿಡಿದು ಧಾರವಾಡಕ್ಕೆ ಹೋಗಿಬರಬಹುದು. ರಾಮದುರ್ಗದವರಿಗೆ ಬೆಳಗಾವಿಯೆಂದರೆ ಒಂದು ದಿನದ ದುಡಿಮೆ ಹೋಯಿತು. ಪುಕ್ಕಟೆ ಬಂದ ಬೆಕ್ಕಿಗಾಗಿ ಯಾರು ಇಷ್ಟು ತಿರುಗುತ್ತಾರೆ? ‘ಬೆಕ್ಕಿಗ್ಯಾಕ್ರೀ ಸೂಜಿ? ಅದು ಏಳು ಜೀವದ್ದು,’ ಎಂದು ನನಗೆ ಹೇಳಿದವರು ಒಳ್ಳೆಯ ಜನ, ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡೇ ಹೇಳಿದರು.

ರೇಬೀಸ್ ಲಸಿಕೆ ಎಲ್ಲಕ್ಕಿಂತ ಸೋವಿ, ಎಲ್ಲಕ್ಕಿಂತ ಮುಖ್ಯ. ಮೂರು ತಿಂಗಳಿಗೆ ಮೊದಲ ಸಲ, ಆಮೇಲೆ ಡಾಕ್ಟರ್ ಹೇಳಿದಂತೆ ವರ್ಷಕ್ಕೊಮ್ಮೆ. ಕೊಡದಿದ್ದರೆ ಏನಾಗುತ್ತದೆ? ಮನೆಯ ನಾಯಿ ಕಡಿದರೂ, ಬೆಕ್ಕು ಪರಚಿ ರಕ್ತ ಬಂದರೂ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಸರಕಾರಿ ದವಾಖಾನೆಗೆ ಓಡಬೇಕು. ಲಸಿಕೆ ಅಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಅದೇ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಹೀಗೆ ನಾಲ್ಕು ಸಲ ಹೋಗಬೇಕು. ಕೂಲಿಯವರಿಗೆ ನಾಲ್ಕು ದಿನದ ಪಗಾರ ಹೋಯಿತು, ಶಾಲೆಯ ಮಗುವಿನ ಜೊತೆಗೆ ಅವ್ವನದೂ ಹೋಯಿತು. ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ನಾಯಿಯಿಂದ ಹರಡುವ ರೇಬೀಸಿಗೆ 2030ರೊಳಗೆ ಒಬ್ಬರೂ ಬಲಿಯಾಗಬಾರದೆಂದು ದೇಶ ಗುರಿ ಇಟ್ಟುಕೊಂಡಿದೆ. ಅದು ಈಡೇರುವುದೇ ಆದರೆ ಮನೆಮನೆಯ ಅಂಗಳದಲ್ಲಿ ಈಡೇರಬೇಕು.

ಇನ್ನು ಉಣ್ಣೆ. ನಮ್ಮ ಒಣ ಸೀಮೆಯ ನಾಯಿಗಳಿಗೆ ಉಣ್ಣೆ ಜ್ವರ ಬಿಡದ ಕಾಟ. ಮೂರು ದಿನ ಊಟ ಬಿಟ್ಟು, ಮೂಗಿನಿಂದ ರಕ್ತ ಬಂದ ಮೇಲೆ ರಕ್ತ ಪರೀಕ್ಷೆಗೆಂದು ದೊಡ್ಡ ಊರಿಗೆ ಒಯ್ಯುವುದು ದೊಡ್ಡ ಖರ್ಚು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಉಣ್ಣೆಯ ಔಷಧಿ ಹಾಕುವುದು ಸಣ್ಣ ಖರ್ಚು. ಇಲ್ಲಿ ಒಂದು ಎಚ್ಚರದ ಮಾತಿದೆ. ದನದ ಉಣ್ಣೆಗೆಂದು ಮನೆಯಲ್ಲಿಟ್ಟ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಎಂದೂ ಹಚ್ಚಬೇಡಿ. ದನ ತಡೆಯುವುದನ್ನು ಬೆಕ್ಕಿನ ಪಿತ್ತಜನಕಾಂಗ ತಡೆಯದು, ಸೆಟೆದುಕೊಂಡು ಸಾಯುತ್ತದೆ. ಜ್ವರದ ಪ್ಯಾರಸಿಟಮಾಲ್ ಗುಳಿಗೆಯೂ ಬೆಕ್ಕಿಗೆ ವಿಷ. ನಾಯಿಗೆ ಒಣದ್ರಾಕ್ಷಿ ಬೇಡ, ಉಳ್ಳಾಗಡ್ಡಿ ಹೆಚ್ಚು ಬಿದ್ದ ಪಲ್ಯವೂ ಬೇಡ.

ಮರಿ, ಮರಿಯ ಮರಿ

ಹೆಣ್ಣು ಬೆಕ್ಕಿನ ಮರಿ ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. ಗರ್ಭ ಒಂಬತ್ತು ವಾರದ್ದು. ಮೂರು, ನಾಲ್ಕು, ಐದು ಮರಿ. ಅವು ಮೊಲೆ ಬಿಡುವ ಮೊದಲೇ ತಾಯಿ ಮತ್ತೆ ಬೆದೆಗೆ ಬರಬಹುದು, ವರ್ಷಕ್ಕೆ ಎರಡು-ಮೂರು ಸೂಲು ಸಾಮಾನ್ಯ. ಪುಕ್ಕಟೆ ಮರಿ ಓಣಿಯಲ್ಲಿ ಸಿಗುವುದು ಹೀಗಾಗಿಯೇ. ಸಿಕ್ಕವುಗಳ ಲೆಕ್ಕ ಕಣ್ಣಿಗೆ ಕಾಣುತ್ತದೆ. ಸಿಗದೆ ಹೋದವು, ಅಂದರೆ ನಾಯಿ ಹಿಡಿದವು, ರಸ್ತೆಗೆ ಬಿದ್ದವು, ಕಣ್ಣು ಕೀವುಗಟ್ಟಿ ಬಣವಿಯ ಮೂಲೆಯಲ್ಲಿ ಸತ್ತವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹೆಣ್ಣು ನಾಯಿ ವರ್ಷಕ್ಕೆ ಸುಮಾರು ಎರಡು ಸಲ ಬೆದೆಗೆ ಬರುತ್ತದೆ; ಹೆಣ್ಣೆಂದು ಗೊತ್ತಾದ ಕೂಡಲೇ ಕುನ್ನಿಗಳನ್ನು ಚೀಲದಲ್ಲಿ ತುಂಬಿ ಎಪಿಎಂಸಿ ಹಿಂದೆಯೋ, ಯಲ್ಲಮ್ಮನ ಗುಡ್ಡದ ದಾರಿಯಲ್ಲೋ ಬಿಟ್ಟು ಬರುವುದು ನಮ್ಮ ಕಡೆಯ ದೊಡ್ಡ ಪಾಪ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಹೋಳಿಗೆ ಕಡುಬು ತಿಂದು ಬದುಕಿದ ಮರಿಗಳಿಗೆ ಜಾತ್ರೆ ಮುಗಿದ ಮೇಲೆ ಏನು?

ಬೆಕ್ಕಿನ ಆಪರೇಶನ್ನಿಗೆ ಖಾಸಗಿಯಲ್ಲಿ ಮೂರು ಸಾವಿರದ ಆಸುಪಾಸು, ಹೆಣ್ಣು ನಾಯಿಯದಕ್ಕೆ ಐದು ಸಾವಿರ, ದೊಡ್ಡ ಊರಿನಲ್ಲಿ ಇನ್ನೂ ಹೆಚ್ಚು. ಗಂಡು ಮರಿಯದು ಎರಡರಲ್ಲೂ ಕಡಿಮೆ. ಬೀದಿ ನಾಯಿಗಳಿಗೆ ಸಂತಾನ ಹರಣ ಮಾಡಿಸುವ ಹೊಣೆಯನ್ನು 2023ರ ನಿಯಮಗಳು ಊರಿನ ಸ್ಥಳೀಯ ಸಂಸ್ಥೆಯ ಮೇಲೆ ಹಾಕಿವೆ. ಸಾಕಿದ ಪ್ರಾಣಿಯ ಹೊಣೆ ಸಾಕಿದವರದು. ಆಪರೇಶನ್ ಮಾಡಿಸಿದರೆ ಬೆಕ್ಕು ಇಲಿ ಹಿಡಿಯುವುದಿಲ್ಲ, ನಾಯಿ ಕಾವಲು ಕಾಯುವುದಿಲ್ಲ ಎಂಬ ಮಾತು ತಪ್ಪು. ಗಂಡು ಬೆಕ್ಕು ಊರು ತಿರುಗಿ ಕಿವಿ ಹರಿದುಕೊಂಡು ಬರುವುದು ತಪ್ಪುತ್ತದೆ, ಅಷ್ಟೇ.

ಈಗ ಕೂಡಿಸೋಣ. ಇವು ಈಗಿನ ದರದಲ್ಲಿ ನನ್ನ ಅಂದಾಜು, ಊರಿಂದೂರಿಗೆ ಹೆಚ್ಚುಕಡಿಮೆ ಆಗುತ್ತದೆ. ಮುಧೋಳ ಕುನ್ನಿಗೆ ಮೊದಲ ವರ್ಷದ ಊಟ ಹನ್ನೆರಡು ಸಾವಿರ, ಸೂಜಿ ಮತ್ತು ಜಂತುಹುಳದ ಗುಳಿಗೆ ಮೂರು ಸಾವಿರ, ಉಣ್ಣೆಗೆ ಒಂದು ಸಾವಿರ, ಆಪರೇಶನ್ ಐದು ಸಾವಿರ: ಮರಿಯ ಬೆಲೆ ಬಿಟ್ಟು ಇಪ್ಪತ್ತೊಂದು ಸಾವಿರ. ಮನೆಯೊಳಗಿನ ಬೆಕ್ಕಿನ ಮರಿಗೆ ಊಟ ಆರೂವರೆ ಸಾವಿರ, ಸೂಜಿ ಗುಳಿಗೆ ಎರಡೂವರೆ, ಆಪರೇಶನ್ ಮೂರು: ಹನ್ನೆರಡು ಸಾವಿರ. ನಂತರದ ವರ್ಷಗಳಲ್ಲಿ ನಾಯಿಗೆ ಹದಿನೈದು ಸಾವಿರದ ಮೇಲೆ, ಬೆಕ್ಕಿಗೆ ಎಂಟು ಸಾವಿರದ ಸುತ್ತ. ಬೆಕ್ಕು ನಾಯಿಯ ಅರ್ಧಕ್ಕೆ ಬರುತ್ತದೆಂಬ ಜನರ ಅಂದಾಜು ಸರಿಯೇ, ಆದರೆ ಪುಕ್ಕಟೆ ಬಂದ ಬೆಕ್ಕು ಮೊದಲ ವರ್ಷಕ್ಕೇ ಮುಧೋಳ ಕುನ್ನಿಯ ಬೆಲೆಯಷ್ಟು ತಿಂದಿರುತ್ತದೆ.

ಹೊಲದ ಮನೆ, ಕುರಿ ದನ, ಓಡುವ ಬಯಲು ಇದ್ದವರು ನಾಯಿ ಸಾಕಲಿ, ಅದೂ ನಮ್ಮ ಹವೆಗೆ ಒಗ್ಗಿದ್ದನ್ನು. ಬೀದಿಯ ಕುನ್ನಿಯೂ ಬುದ್ಧಿಯಲ್ಲಿ ಯಾವುದಕ್ಕೂ ಕಡಿಮೆಯಲ್ಲ, ಉಳಿದ ಹತ್ತು ಸಾವಿರದಲ್ಲಿ ಅದರ ಸೂಜಿ, ಆಪರೇಶನ್ ಎರಡೂ ಮುಗಿಯುತ್ತವೆ. ಪೇಟೆಯ ಸಣ್ಣ ಮನೆಯಲ್ಲಿ, ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವವರು ಬೆಕ್ಕು ಸಾಕಲಿ. ಎರಡಕ್ಕೂ ಖರ್ಚು ಆಗದಿದ್ದರೆ ಓಣಿಯ ಒಂದು ನಾಯಿಗೆ ದಿನಾ ಎರಡು ರೊಟ್ಟಿ ಹಾಕಿ, ವರ್ಷಕ್ಕೊಮ್ಮೆ ರೇಬೀಸ್ ಸೂಜಿ ಹಾಕಿಸಿದರೂ ದೊಡ್ಡ ಕೆಲಸ.

ಬೆಕ್ಕಿನ ಲಸಿಕೆಗೆ ಒಬ್ಬೊಬ್ಬರೇ ಬೆಳಗಾವಿಗೆ ಹೋಗುವ ಬದಲು ಓಣಿಯ ನಾಲ್ಕೈದು ಮನೆಯವರು ಕೂಡಿ ಊರಿನ ಪಶುವೈದ್ಯರಿಗೆ ಮೊದಲೇ ಹೇಳಿಟ್ಟರೆ, ಅವರು ಐಸ್ ಡಬ್ಬಿಯಲ್ಲಿ ಒಮ್ಮೆಲೇ ತರಿಸಿ ಒಂದೇ ಮುಂಜಾನೆ ಹಾಕಿ ಮುಗಿಸುತ್ತಾರೆ. ಹೋಗಿಬರುವ ಖರ್ಚು ಐದು ಪಾಲಾಗುತ್ತದೆ. ಕುನ್ನಿ ತರುವಾಗ ತಾಯಿಗೆ ಸೂಜಿ ಆಗಿದೆಯೇ, ಮರಿಗೆ ಎಷ್ಟು ಆಗಿವೆ ಎಂದು ಕಾರ್ಡು ಕೇಳಿ ನೋಡಿ; ಕಾರ್ಡು ಇಲ್ಲದಿದ್ದರೆ ಬೆಲೆಯಲ್ಲಿ ಅಷ್ಟು ಮುರಿಯಿರಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಲೂಯಿ ಪಾಶ್ಚರ್ ತೀರಿಕೊಂಡ ದಿನ. ಅದರ ಸುತ್ತಮುತ್ತ ಪಶುಸಂಗೋಪನೆ ಇಲಾಖೆ ಉಚಿತ ಲಸಿಕೆ ಶಿಬಿರ ನಡೆಸುತ್ತದೆ, ದವಾಖಾನೆಯ ಮುಂದೆ ನಾಯಿ ಹಿಡಿದವರ ಪಾಳಿ ಹಚ್ಚಿರುತ್ತದೆ. ಆ ಪಾಳಿಯಲ್ಲಿ ಬೆಕ್ಕು ತಂದವರು ಕಾಣುವುದು ಬಲು ಅಪರೂಪ. ಬುಟ್ಟಿಗೆ ಬಟ್ಟೆ ಕಟ್ಟಿ ಅದನ್ನೂ ಒಯ್ಯಿರಿ. ನಾಯಿಗೆ ಹಾಕುವ ರೇಬೀಸ್ ಲಸಿಕೆಯೇ ಬೆಕ್ಕಿಗೂ ನಡೆಯುತ್ತದೆ.